ಒಂದೇ ಸಲ ಕೇಳುವವರು

ಅಕ್ಟೋಬರ್ 6, 1986. ಸೋಮವಾರ

ಇವರು ಏಳೂವರೆಗೆ ಕಾರು ತೆಗೆದುಕೊಂಡು ಆಫೀಸಿಗೆ. ನನಗೆ ಪಾತ್ರೆ, ವ್ಯಾಕ್ಯೂಮು, ಬಟ್ಟೆ. ಹತ್ತೂವರೆಗೆ ಬಸ್ಸು ಹಿಡಿದು ಚರ್ಚ್ ಹಾಲಿನಲ್ಲಿ ನಾನು ಇಂಗ್ಲಿಷ್ ಕಲಿಸುವ ಕ್ಲಾಸು. ವಾರಕ್ಕೆ ಎರಡು ದಿನ ಉಸಿರಾಡುವುದು ಅಲ್ಲಿ ಮಾತ್ರ. ಉಡುಪಿಯಲ್ಲಿ ಆರು ವರ್ಷ ಇಂಗ್ಲಿಷ್ ಲೆಕ್ಚರರ್. ಸಾಂಟಾ ಕ್ಲಾರಾದಲ್ಲಿ ಗಂಡನ ವೀಸಾದ ಬಾಲ. ಸಂಬಳಕ್ಕೆ ದುಡಿಯುವಂತಿಲ್ಲ. ವಾಲಂಟಿಯರ್ ಅಂತೆ!

ಎಂಟು ಜನ ಜಪಾನಿ ಹೆಂಗಸರು. ಗಂಡಂದಿರೆಲ್ಲ ಚಿಪ್ ಕಂಪನಿಯವರು. ಇಂದು ಅವರಲ್ಲೊಬ್ಬರು, ಮೊರಿಟಾ-ಸಾನ್, ಮೆಲ್ಲಗೆ ದೂರಿದರು. ಪಕ್ಕದ ಮನೆಯಾಕೆ ಕೇಕು ಬೇಕೇ ಎಂದಳಂತೆ. ಮೊರಿಟಾ-ಸಾನ್ ಬೇಡ ಎಂದರಂತೆ. ಎರಡನೇ ಸಲ ಕೇಳದೆ ತಟ್ಟೆ ವಾಪಸ್ ಒಳಗೇ ಹೋಯಿತಂತೆ... ನಕ್ಕು ನಕ್ಕು ಸಾಕಾಯಿತು. ನಮ್ಮಲ್ಲೂ ಮೂರು ಸಲ ಬೇಡ ಅಂದಮೇಲೇ ಅಲ್ಲವೇ ಕಾಫಿ ಲೋಟ ಮುಟ್ಟುವುದು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ — ಇಲ್ಲಿಯವರು ಒಂದೇ ಸಲ ಕೇಳುತ್ತಾರೆ. ಎಂಟೂ ಜನ ಒಟ್ಟಿಗೆ: "ಯೆಸ್, ಪ್ಲೀಸ್!"

ಅಕ್ಟೋಬರ್ 8, ಬುಧವಾರ

ಕ್ಲಾಸು ಮುಗಿದಮೇಲೆ ಈ ಕ್ಲಾಸುಗಳನ್ನು ನಡೆಸುವ ಡೈರೆಕ್ಟರ್ ಮಿಸೆಸ್ ಕಾರ್ಲ್‌ಸನ್ ಕರೆದರು. ಜನವರಿಗೆ ಟೀಚರ್ ಕೆಲಸವೊಂದು ಖಾಲಿಯಿದೆಯಂತೆ. ನನ್ನ ವರ್ಕ್ ವೀಸಾಕ್ಕೆ ಅವರೇ ಪೇಪರ್ಸ್ ಹಾಕುತ್ತಾರಂತೆ. "ಹಾಕಲೇ, ಆಶಾಲತಾ?"

ಎರಡು ವರ್ಷದಿಂದ ಕಾದದ್ದು ಇದನ್ನೇ. ಆದರೆ ಬಾಯಿ ಹೇಳಿತು: "ಓ ನೋ, ನನಗೋಸ್ಕರ ನಿಮಗೆ ಯಾಕೆ ತೊಂದರೆ."

"ಓಕೆ," ಎಂದು ಫೈಲು ಮುಚ್ಚಿದರು.

ಇನ್ನೊಂದು ಸಲ ಕೇಳಲಿ ಎಂದು ಅಲ್ಲೇ ನಿಂತೆ. "ಮತ್ತೇನಾದರೂ?" ಎಂದರು. ಏನಿಲ್ಲ ಎಂದು ಬಂದುಬಿಟ್ಟೆ. ಕತ್ತೆ ನಾನು.

ಅಕ್ಟೋಬರ್ 9

ಇವರಿಗೆ ಹೇಳಿದೆ. "ಎಂತ ಮಾರಾಯ್ತಿ ನೀನು! ಒಂದು ಯೆಸ್ ಹೇಳ್ಲಿಕ್ಕೆ ಎಂತ ಕಷ್ಟ? ಫೋನ್ ಮಾಡು."

ನಂಬರು ಒತ್ತಿದೆ. ರಿಂಗಾಗುವಷ್ಟರಲ್ಲಿ ಇಟ್ಟೆ. ಬೇಡ ಎಂದವಳು ನಾನಾಗಿ ಹೋಗಿ ಕೇಳುವುದು ಹೇಗೆ? ನಾಚಿಕೆ.

ಅಕ್ಟೋಬರ್ 20, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಪಾತ್ರೆ, ವ್ಯಾಕ್ಯೂಮು, ಬಟ್ಟೆ. ಈ ಅಪಾರ್ಟ್‌ಮೆಂಟಿನ ಗೋಡೆ ನೋಡಿದರೆ ಕಿರುಚಬೇಕು ಅನಿಸುತ್ತದೆ.

ಆ ಕೆಲಸಕ್ಕೆ ಬೇರೊಬ್ಬಳ ಹೆಸರು ನಾಳೆ ಕಮಿಟಿಗೆ ಹೋಗುತ್ತದಂತೆ. ಕ್ಲಾಸಿನಲ್ಲೇ ಕಣ್ಣು ತುಂಬಿತು. ಮೊರಿಟಾ-ಸಾನ್ ಹೊರಗೆ ಕರೆದು ಕೇಳಿದರು. ಎಲ್ಲ ಹೇಳಿದೆ. ಅವರು ನಗಲಿಲ್ಲ. ಯಾರ ಕೈಯನ್ನೂ ಮುಟ್ಟದ ಹೆಂಗಸು ನನ್ನ ಕೈ ಹಿಡಿದು ಆಫೀಸಿಗೆ ಎಳೆದೊಯ್ದರು.

"ಟೀಚರ್ ಸೇ ನೋ. ಬಟ್ ಟೀಚರ್ ವಾಂಟ್. ಪ್ಲೀಸ್, ಆಸ್ಕ್ ಅಗೇನ್."

ಮಿಸೆಸ್ ಕಾರ್ಲ್‌ಸನ್‌ಗೆ ತಲೆಬುಡ ತಿಳಿಯಲಿಲ್ಲ. ನಾನು ನೆಲ ನೋಡುತ್ತ ನಿಂತಿದ್ದೆ. "ಯೋಚಿಸು. ನಾಳೆ ಹತ್ತಕ್ಕೆ ನಾನೇ ಫೋನ್ ಮಾಡಿ ಕೇಳುತ್ತೇನೆ," ಎಂದರು.

ಅಕ್ಟೋಬರ್ 21, ಬೆಳಿಗ್ಗೆ 9:50

ಚೀಟಿ ಬರೆದು ಫೋನಿಗೆ ಅಂಟಿಸಿದ್ದೇನೆ. ಯೆಸ್, ಪ್ಲೀಸ್. ಹದಿನೈದು ಸಲ ಗಟ್ಟಿಯಾಗಿ ಹೇಳಿ ನೋಡಿದ್ದೂ ಆಯಿತು.

9:58

ಫೋನ್. ಇವರದು. "ಕಾಲ್ ಬಂತಾ? ಊಟಕ್ಕೆ ಮನೆಗೆ ಬರ್ಲಾ, ನಿನ್ನ ಜೊತೆಗೆ?"

"ಬೇಡ, ಬೇಡ. ಸುಮ್ನೆ ನಿಮಗ್ಯಾಕೆ ತೊಂದ್ರೆ."

"ಆಯ್ತು." ಇಟ್ಟುಬಿಟ್ಟರು.

ಬರಲಿ ಅಂತ ಎಷ್ಟು ಆಸೆಯಿತ್ತು. ಇವರೂ ಒಂದೇ ಸಲ ಕೇಳುವವರಾಗಿಬಿಟ್ಟರು...

10:00

ಫೋನ್ ಹೊಡೆದುಕೊಳ್ಳುತ್ತಿದೆ. ಎರಡನೇ ರಿಂಗು. ಚೀಟಿ ಕಣ್ಣೆದುರಿಗೇ ಇದೆ. ನಾಲಿಗೆಯ ತುದಿಯಲ್ಲಿ ಆಗಲೇ ಓ ನೋ —