ಜಡೆಯ ನೆರಳು, ಬುಧವಾರದ ಫಿಲ್ಮು

ಎಕ್ಸ್‌-ರೇ ಯಂತ್ರಗಳನ್ನು ಹಂಚುವ ಮಾನ್ಯ ಅಧಿಕಾರಿಗಳೇ,

ದೂರಿಗಿಂತ ಮೊದಲು ಸಂಗತಿಗಳನ್ನು ಕ್ರಮವಾಗಿ ಇಡುತ್ತೇನೆ.

೧. ಬೀದರ ನಗರದ ನಮ್ಮ ಆಸ್ಪತ್ರೆಯಲ್ಲಿ ಎಕ್ಸ್‌-ರೇ ಕೋಣೆಗಳು ಎರಡು. ಆರನೆಯ ಕೋಣೆಯಲ್ಲಿ ಫಿಲ್ಮಿನ ಹಳೆಯ ಯಂತ್ರ ಮತ್ತು ನಾನು. ಎದುರಿನ ಏಳನೆಯದರಲ್ಲಿ ತಾವು ಮಂಜೂರು ಮಾಡಿದ ಡಿಜಿಟಲ್ ಯಂತ್ರ ಮತ್ತು ನನ್ನ ಬಳಿ ಕೆಲಸ ಕಲಿತ ಮುನೀರೋದ್ದೀನ.

೨. ಡಿಜಿಟಲ್ ತರಬೇತಿಗೆ ನಾನೂ ಅರ್ಜಿ ಹಾಕಿದ್ದೆ. ‘ವಯಸ್ಸು ಐವತ್ತು ದಾಟಿದೆ’ ಎಂದು ತಾವು ಷರಾ ಬರೆದಿರಿ.

೩. ಹೊಸ ಯಂತ್ರದ ಜೊತೆ ಬಂದ ಗೋಡೆಪಟದಲ್ಲಿ ರೋಗಿಗಳು ತೆಗೆದಿಡಬೇಕಾದ ಆರು ವಸ್ತುಗಳ ಚಿತ್ರವಿದೆ: ಸರ, ತಾಯಿತ, ಗುಂಡಿ, ಪಿನ್ನು, ನಾಣ್ಯ, ಮೊಬೈಲು. ಜಡೆಯ ಮಾತಿಲ್ಲ.

೪. ಅದನ್ನು ಸೇರಿಸಿರೆಂದು ಎರಡು ಬಾರಿ ಬರೆದೆ. ಉತ್ತರವಿಲ್ಲ.

೫. ಆ ಕಾರಣದಿಂದ ಔರಾದ ತಾಲ್ಲೂಕಿನ ಡಾಬಕಾದ ಹೀರಾಬಾಯಿಯವರಿಗೆ ಇಲ್ಲದ ಕ್ಷಯದ ಗುಮಾನಿ ಅಂಟಿತು.

ಬಿಗಿದ ಜಡೆ ಭುಜದ ಮೇಲಿಂದ ಎದೆಗೆ ಇಳಿದಿದ್ದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ಮಬ್ಬು ಬೀಳುತ್ತದೆ. ಕ್ಷಯವೂ ಅಲ್ಲಿಯೇ ಹಾಗೆಯೇ ಕಾಣುತ್ತದೆ. ನಮ್ಮ ಭಾಗದ ಹೆಣ್ಣುಮಕ್ಕಳು ಕೂದಲಿಗೆ ಉಣ್ಣೆಯ ದಾರ ಸೇರಿಸಿ ಹೆಣೆಯುವುದು ಗೋಡೆಪಟ ಮುದ್ರಿಸಿದವರಿಗೆ ತಿಳಿಯದಿರಬಹುದು. ತಮಗೂ ತಿಳಿಯದೆ? ತಮ್ಮ ಮನೆಯಲ್ಲಿ ಯಾರೂ ಜಡೆ ಹಾಕುವುದಿಲ್ಲವೆ?

ಇದು ಹೊಟ್ಟೆಕಿಚ್ಚಿನ ಮಾತೆಂದು ತಾವು ಅನ್ನಬಹುದು. ಹೌದು, ಹೊಟ್ಟೆಕಿಚ್ಚೇ. ಎರಡು ವರ್ಷದಿಂದ ಮಳೆಯಿಲ್ಲ. ಒಂದು ಫಿಲ್ಮು ತೊಳೆಯುವುದಕ್ಕೂ ನಾನು ಟ್ಯಾಂಕರಿನ ದಾರಿ ಕಾಯುತ್ತೇನೆ. ಎದುರು ಕೋಣೆಗೆ ಹನಿ ನೀರು ಬೇಡ, ಕತ್ತಲೆ ಬೇಡ. ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಎಲುಬಿನ ಒಂದೊಂದು ಗೆರೆಯೂ ಪರದೆಯ ಮೇಲೆ. ಬಾಗಿಲು ತೆರೆದಾಗಲೆಲ್ಲ ಅಲ್ಲಿಯ ತಂಪು ಗಾಳಿ ನನ್ನ ಕಾಲಿಗೆ ತಾಗುತ್ತದೆ. ‘ಉಸ್ತಾದ್, ಕತ್ತಲ್ಯಾಗ ಇನ್ನಾ ಎಷ್ಟು ದಿನ ಕೂಡ್ತೀರಿ? ಬರ್ರಿ, ನಮ್ಮ ಟಿವಿ ನೋಡ್ರಿ’ ಎಂದು ಮುನೀರೋದ್ದೀನ ನಗುತ್ತಾನೆ. ನಾನು ಒಮ್ಮೆಯೂ ಹೋಗಲಿಲ್ಲ. ಹೋದರೆ ಆ ಯಂತ್ರವನ್ನು ಮುಟ್ಟಬೇಕೆನಿಸುತ್ತದೆ.

ಹೀರಾಬಾಯಿ ಒಂದು ಬುಧವಾರ ನನ್ನ ಬಾಗಿಲಿಗೆ ಬಂದರು. ಮಂಗಳವಾರ ಏಳನೆಯ ಕೋಣೆಯಲ್ಲಿ ಎದೆಯ ಚಿತ್ರ ತೆಗೆಸಿದ್ದರು. ಅದರಲ್ಲಿ ಮಬ್ಬು ಕಂಡ ವೈದ್ಯರು ಕಫ ಪರೀಕ್ಷೆಗೆ ಬರೆದು, ಫಲಿತಾಂಶ ಬರುವವರೆಗೆ ಊರು ಬಿಡಬೇಡಿ ಎಂದಿದ್ದರು. ಆದರೆ ಕಬ್ಬು ಕಡಿಯುವ ತಂಡದ ಲಾರಿ ಮಹಾರಾಷ್ಟ್ರಕ್ಕೆ ಹೊರಡುವುದು ಶನಿವಾರ. ಅವರ ಕೆಮ್ಮು ಕೇಳಿದ, ಕೂಲಿಗಳನ್ನು ಒಯ್ಯುವ ಮುಕದ್ದಮ, ಆಸ್ಪತ್ರೆಯ ಕಾಗದ ತೋರಿಸದೆ ಹತ್ತಿಸುವುದಿಲ್ಲ ಎಂದಿದ್ದ.

‘ಆ ಕಡಿ ಪಾಳಿ ಭಾಳ ಅದರಿ ಸಾಹೇಬ್ರ. ನಿಮ್ಮ ಬಲ್ಲಿ ಯಾರೂ ಇಲ್ಲ. ಇನ್ನೊಮ್ಮಿ ಫೋಟೋ ತೆಗೀರಿ’ ಎಂದರು.

‘ಮೊದಲ ಜಡಿ ಮ್ಯಾಲ ಎತ್ತಿ ಕಟ್ಟಬೇಕು ಬಾಯಿ.’

‘ಬ್ಯಾನಿ ಎದ್ಯಾಗ ಅದರಿ, ಜಡ್ಯಾಗ ಏನದ?’

ಪಕ್ಕದಲ್ಲಿದ್ದ ಗಂಡ ಮಡೆಪ್ಪ, ‘ಕಟ್ಟು ಅಂದ್ರ ಕಟ್ಟು. ಡಾಕ್ಟರ್ ಮುಂದಾನೂ ವಾದ ಮಾಡ್ತಾಳ್ರಿ’ ಎಂದ. ನಾನು ಡಾಕ್ಟರನಲ್ಲ ಎಂದು ಹೇಳಲಿಲ್ಲ.

ವೈದ್ಯರ ಹೊಸ ಚೀಟಿ ಇಲ್ಲದೆ ತೆಗೆದೆ, ಅದು ತಪ್ಪು. ಫಿಲ್ಮು ಒಣಗಿದಾಗ ಶ್ವಾಸಕೋಶದ ಎರಡೂ ತುದಿ ತಿಳಿಯಾಗಿದ್ದವು. ಆಗ ನನಗೆ ಸಂತೋಷವಾಯಿತು. ಆ ಸಂತೋಷ ಹೀರಾಬಾಯಿಗಾಗಿ ಅಲ್ಲ. ಸೋಮವಾರ ತಾವು ಆಸ್ಪತ್ರೆಯ ತಪಾಸಣೆಗೆ ಬರುವುದಿತ್ತು. ತಮ್ಮ ಅಚ್ಚುಮೆಚ್ಚಿನ ಯಂತ್ರದ ತಪ್ಪನ್ನು ಎಲ್ಲರೆದುರು ಬೆಳಕಿಗೆ ಹಿಡಿದು ತೋರಿಸಬೇಕೆಂದು ಫಿಲ್ಮನ್ನು ಮೇಜಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದೆ. ವೈದ್ಯರ ಕೋಣೆ ಹದಿನೆಂಟು ಹೆಜ್ಜೆ ದೂರದಲ್ಲಿತ್ತು.

ಶನಿವಾರ ಬೆಳಿಗ್ಗೆ ಹೀರಾಬಾಯಿ ಗಂಟಿನ ಸಮೇತ ಬಂದರು. ‘ಫೋಟೋದಾಗ ಏನ್ ಬಂತ್ರಿ? ಲಾರಿ ನಿಂತದ.’

‘ಸಾಹೇಬ್ರು ನೋಡಬೇಕು. ಸೋಮವಾರ ಬರ್ರಿ’ ಎಂದೆ.

‘ಸೋಮವಾರ ಲಾರಿ ಎಲ್ಲಿರ್ತದ್ರಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಆ ತಂಡದಲ್ಲಿ ಗಂಡಹೆಂಡಿರನ್ನು ಜೋಡಿಯಾಗಿಯೇ ಒಯ್ಯುತ್ತಾರೆ. ಇಬ್ಬರನ್ನೂ ಬಿಟ್ಟು ಲಾರಿ ಹೋಯಿತು.

ಸೋಮವಾರ ತಾವು ಬರಲಿಲ್ಲ. ತಪಾಸಣೆ ಮುಂದೆ ಹೋಯಿತು. ಅಂದೇ ಕಫದ ವರದಿಯೂ ಬಂತು, ದೋಷವಿಲ್ಲವೆಂದು. ನಾನು ಫಿಲ್ಮನ್ನು ಮುನೀರೋದ್ದೀನನ ಕೈಗೆ ಕೊಟ್ಟೆ. ಅವನು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.

‘ಜಡಿ ನಾ ನೋಡಲಿಲ್ಲ ಉಸ್ತಾದ್. ನೀವ್ ಕಲಿಸಿದ್ರಿ, ನಾ ಮರ್ತೆ’ ಎಂದ. ಆಮೇಲೆ ಫಿಲ್ಮಿನ ಮೂಲೆಗೆ ಬೆರಳಿಟ್ಟ. ಪ್ರತಿ ಫಿಲ್ಮಿನ ಮೂಲೆಯಲ್ಲಿ ಸೀಸದ ಅಂಕಿಗಳಿಂದ ತಾರೀಖು ಮೂಡಿಸುವುದನ್ನು ನಾನು ಇಪ್ಪತ್ತೇಳು ವರ್ಷ ತಪ್ಪಿಸಿಲ್ಲ. ‘ಇದು ಬುಧವಾರದ್ದದ.’

ಫಿಲ್ಮನ್ನು ನನ್ನ ಕೈಗೆ ಮರಳಿಸಿ ತನ್ನ ಕೋಣೆಗೆ ಹೋದ. ಬೈದಿದ್ದರೆ ಒಳ್ಳೆಯದಿತ್ತು.

ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಗೋಡೆಪಟದಲ್ಲಿ ಏಳನೆಯ ಸಾಲು ಸೇರಿಸಿ: ‘ಜಡೆಯನ್ನು ಎತ್ತಿ ನೆತ್ತಿಯ ಮೇಲೆ ಕಟ್ಟಿರಿ.’ ಬೀದರದಲ್ಲಿ ಮಾತ್ರವಲ್ಲ, ಭಾಲ್ಕಿ, ಔರಾದಗಳಲ್ಲಿ ಇಂಥ ಯಂತ್ರ ಇಡುವ ಪ್ರತಿ ಕೋಣೆಯಲ್ಲಿಯೂ. ಓದಲು ಬಾರದವರಿಗಾಗಿ ಒಂದು ಚಿತ್ರವೂ ಇರಲಿ. ಚೀಟಿಯಿಲ್ಲದೆ ಫಿಲ್ಮು ತೆಗೆದದ್ದಕ್ಕೆ, ತೆಗೆದದ್ದನ್ನು ಬಚ್ಚಿಟ್ಟದ್ದಕ್ಕೆ ನನ್ನ ಮೇಲೆ ವಿಚಾರಣೆ ನಡೆಸಿರಿ. ಸಾಕ್ಷಿಯಾಗಿ ಆ ಫಿಲ್ಮು ಸಾಕು.

ನನ್ನ ಕೋಣೆಗೂ ಡಿಜಿಟಲ್ ಯಂತ್ರ ಬೇಕೆಂದು ನಾನು ಕೊಟ್ಟಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಆಸೆ ಹೋಗಿಲ್ಲ. ಆ ಸಾಲು ಮುದ್ರಣವಾಗಿ ಬರುವವರೆಗೆ ದಿನವೂ ಬೆಳಿಗ್ಗೆ ಏಳನೆಯ ಕೋಣೆಯ ಹೊರಗೆ ನಿಂತು, ಪಾಳಿಯಲ್ಲಿರುವ ಹೆಣ್ಣುಮಕ್ಕಳಿಗೆ ಜಡೆ ಎತ್ತಿ ಕಟ್ಟಲು ಹೇಳುವುದೆಂದು ನಿರ್ಧರಿಸಿದ್ದೇನೆ.

ಇಂತಿ,
ತಂಪು ಗಾಳಿಯ ಬಾಗಿಲ ಹೊರಗಿನ
ಏಕನಾಥ
ಎಕ್ಸ್‌-ರೇ ತಂತ್ರಜ್ಞ, ಆರನೆಯ ಕೋಣೆ
ಚಿದ್ರಿ, ಬೀದರ