ಟಬ್ಬಿನಲ್ಲಿದ್ದ ಹಿಮ

ಡ್ವೇನ್,

ಕೆಲಸಕ್ಕೆ ಹೊರಟೆ. ಒಲೆಯ ಮೇಲೆ ಬೀನ್ಸ್ ಸೂಪ್ ಇದೆ. ನಿಮ್ಮಮ್ಮನಿಗೆ ಉಪ್ಪು ಹಾಕದೆ ತೆಗೆದಿಟ್ಟಿದ್ದು ಸಣ್ಣ ಪಾತ್ರೆಯಲ್ಲಿದೆ. ಟೆಸ್ಸಾಳ ಕೈಗವಸುಗಳು ಹೀಟರಿನ ಮೇಲೆ ಒಣಗಿವೆ, ಮರೆಯದೆ ಹಾಕಿ ಶಾಲೆಗೆ ಕಳಿಸು.

ನಿನ್ನೆಯದಕ್ಕೆ ಮತ್ತೆ ಕ್ಷಮೆ ಕೇಳಬೇಡ. "ಟಬ್ಬಲ್ಲಿ ಕೊಳಕು ಹಿಮ ಇತ್ತು ಕಣೇ, ಮಗೂಗೆ ಸ್ನಾನ ಆಗ್ಬೇಕಿತ್ತಲ್ಲ, ಬಿಸಿನೀರು ಬಿಟ್ಟೆ" ಅಂದೆ ನೀನು. ಆ ಹಿಮದ ಅಡಿಯಲ್ಲಿ ನಾನು ಪ್ರದರ್ಶನಕ್ಕೆಂದು ಹಾಸಿದ್ದ ಬಟ್ಟೆಯಿತ್ತು. ಮೇಲೆ ಉದುರಿಸಿದ್ದ ಬಣ್ಣದ ಪುಡಿ, ಹಿಮ ತಾನಾಗಿ ಕರಗುತ್ತ ಹೋದಂತೆ ಮೆಲ್ಲಗೆ ಬಟ್ಟೆಗೆ ಇಳಿಯಬೇಕಿತ್ತು. ಈಗ ನೀಲಿ, ಕೆಂಪು, ಹಳದಿ ಎಲ್ಲ ಕಲಸಿ ಕೆಸರಿನ ಬಣ್ಣ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ನಿನ್ನ ತಪ್ಪಲ್ಲ. ಬಟ್ಟೆಗೆ ಬಣ್ಣ ಹಾಕುತ್ತಿದ್ದ ನೆಲಮಾಳಿಗೆಯನ್ನು ನಿಮ್ಮಮ್ಮನಿಗೆ ಬಿಟ್ಟುಕೊಟ್ಟ ಮೇಲೂ, ಮನೆಮಂದಿಯೆಲ್ಲ ಸ್ನಾನ ಮಾಡುವ ಟಬ್ಬಿನಲ್ಲಿ ಚಿತ್ರ ಅರಳೀತು ಅಂದುಕೊಂಡವಳು ನಾನು.

ಡುಲುತ್ ಊರಿನ ಕಲಾಪ್ರದರ್ಶನಕ್ಕೆ ಬರುವುದಿಲ್ಲ ಎಂದು ತಿಳಿಸಿದ್ದೇನೆ. ಆ ಬಟ್ಟೆಯನ್ನು ಹರಿದು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ, ಕಾರು ಒರೆಸಲು ಆದೀತು.

ಹೊರಗೆ ಮತ್ತೆ ಹಿಮ ಬೀಳುತ್ತಿದೆ. ಬಾಗಿಲ ಮುಂದಿನದನ್ನು ಎತ್ತಿ ಪಕ್ಕಕ್ಕೆ ಹಾಕು, ಸಾಕು. ಯಾವಾಗಲೂ ಮಾಡುವ ಹಾಗೆ ನನಗೆಂದು ಬಕೆಟ್ಟಿನಲ್ಲಿ ತುಂಬಿಡಬೇಡ.

ಲೋರ್ನಾ