ಸಂತಾಪದ ಪುಟ

ಕೂಕ್-ಜಾರ್, ನಾರಿನ್ ಪ್ರಾಂತ್ಯ
ಶುಕ್ರವಾರ, ೧೬ ಮೇ ೨೦೨೫

ನನ್ನ ಮುದ್ದಿನ ತಮ್ಮ ತೆಮಿರ್ಕುಲ್,

ಹೇಗಿದ್ದೀಯ? ಎಡಗೈ ಈಗ ಎಷ್ಟು ಮೇಲೆ ಬರುತ್ತದೆ? ಹೋದ ವಾರ ಜಿಪಾರ್ ಫೋನಿನಲ್ಲಿ, ‘ಅಪ್ಪ ಈಗ ಟೀ ಬಟ್ಟಲು ತಾವೇ ಹಿಡ್ಕೊಳ್ತಾರೆ ಅತ್ತೆ’ ಎಂದಳು. ಮಗಳು ಅಪ್ಪನ ಬಗ್ಗೆ ಹೇಳುವ ಒಳ್ಳೆಯ ಸುದ್ದಿಯನ್ನು ಅರ್ಧ ನಂಬಬೇಕು, ಹಾಗಾಗಿ ಅರ್ಧ ಬಟ್ಟಲು ಎಂದುಕೊಂಡು ಸಮಾಧಾನಪಟ್ಟೆ. ಅಲ್ಮಾತಿಯಲ್ಲಿ ಸೇಬಿನ ಹೂ ಉದುರಿ ಮುಗಿದಿರಬೇಕು. ಇಲ್ಲಿ ಮೊನ್ನೆಯೂ ಹಿಮ ಬಿತ್ತು, ಮಧ್ಯಾಹ್ನಕ್ಕೆ ಕರಗಿತು. ಕಾಗದದ ಜೊತೆ ಒಂದು ಚೀಲ ಕುರುತ್ ಕಳಿಸಿದ್ದೇನೆ, ನಾನೇ ಮೊಸರಿಗೆ ಉಪ್ಪು ಹಾಕಿ ಉಂಡೆ ಕಟ್ಟಿ ಒಣಗಿಸಿದ್ದು. ಡಾಕ್ಟರು ಉಪ್ಪು ಬೇಡ ಅಂದಿದ್ದಾರೆ, ಗೊತ್ತು. ದಿನಕ್ಕೊಂದು ಉಂಡೆ ಬಾಯಲ್ಲಿಟ್ಟುಕೊಂಡು ಚೀಪು, ಜಿಪಾರ್ ಕಣ್ಣಿಗೆ ಬೀಳದ ಹಾಗೆ. ಪಾರ್ಶ್ವವಾಯು ಬಂದವನಿಗೆ ಊರಿನ ರುಚಿಯೂ ಬಾರದಂತೆ ಮಾಡಿದರೆ ಮತ್ತೇನು ಉಳಿಯಿತು.

ಫೋನಿರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನೀನು ನಗುತ್ತೀಯ, ಕೆಮ್ಮುತ್ತೀಯ, ಆಮೇಲೆ ಮೊಮ್ಮಗಳ ಕೈಗೆ ಕೊಟ್ಟುಬಿಡುತ್ತೀಯ. ಕಾಗದಕ್ಕೆ ಹಾಗೆ ಮಾಡಲಾಗುವುದಿಲ್ಲ. ಮುಕಾಷನ ವ್ಯಾನು ಮಧ್ಯಾಹ್ನ ಅಲ್ಮಾತಿಗೆ ಹೊರಡುತ್ತದೆ, ಅವನ ಕೈಯಲ್ಲೇ ಕೊಡುತ್ತೇನೆ. ಬೆಳಿಗ್ಗೆಯಿಂದ ಎರಡು ಸಲ ಬರೆದು ಹರಿದೆ. ಒಲೆಯ ಹತ್ತಿರ ಹೋಗುತ್ತೇನೆ, ಕಿಟಕಿಗೆ ಬರುತ್ತೇನೆ, ಮತ್ತೆ ಕೂರುತ್ತೇನೆ. ಎಂಟು ದಿನದಿಂದ ಒಂದು ಕಡೆ ಕೂತು ಊಟ ಮಾಡಿದ್ದು ನೆನಪಿಲ್ಲ. ಆದ್ದರಿಂದ ವಾಕ್ಯಗಳು ಅಡ್ಡಾದಿಡ್ಡಿ ಇದ್ದರೆ ತಿದ್ದಲು ಹೋಗಬೇಡ. ತಿದ್ದುವುದು ನನ್ನ ಕೆಲಸ.

ನೀನು ಬಿಟ್ಟುಹೋದ ಪತ್ರಿಕೆಯ ಕಚೇರಿಗೆ ಈಗ ಬಂದರೆ ನಿನಗೆ ಗುರುತೇ ಸಿಗುವುದಿಲ್ಲ. ಗೋಡೆಯುದ್ದಕ್ಕೂ ಬಿಸಿನೀರಿನ ಕೊಳವೆ, ಚಳಿಗಾಲದಲ್ಲಿ ಯಾರೂ ಕೋಟು ಹಾಕಿಕೊಂಡು ಬರೆಯಬೇಕಿಲ್ಲ. ಹೊಸ ಅಚ್ಚಿನ ಯಂತ್ರ, ತಿರುಗುವ ಕುರ್ಚಿ. ಗಣಿಯವರು ಪತ್ರಿಕೆ ಕೊಂಡ ಮೇಲೆ ಸಂಬಳ ಒಂದು ದಿನವೂ ತಡವಾಗಿಲ್ಲ. ನಾನು ಇದನ್ನೆಲ್ಲ ಹೀಗಳೆಯುವುದಿಲ್ಲ. ನೀನು ಆಸ್ಪತ್ರೆಯಲ್ಲಿ ಬಾಯಿ ವಾರೆಯಾಗಿ ಮಲಗಿದ್ದಾಗ, ‘ಮಾರಿಬಿಡು ತೆಮಿಶ್, ನೀನು ಬದುಕಿದ್ರೆ ಸಾಕು’ ಅಂದವಳು ನಾನೇ. ನೀನು ಕಟ್ಟಿದ ‘ಬೆಟ್ಟದ ದನಿ’ ನಮ್ಮಿಬ್ಬರಿಗಿಂತ ಹೆಚ್ಚು ಕಾಲ ಬಾಳಲಿ ಎಂಬ ಆಸೆಯೂ ಇತ್ತು. ಹಿಂದೆ ಜಿಲ್ಲಾಧಿಕಾರಿ ನಮ್ಮ ಕರೆಂಟು ಕಡಿಸಿದಾಗ ಟ್ರ್ಯಾಕ್ಟರಿನ ಬ್ಯಾಟರಿ ತಂದು ಪುಟ ಕಟ್ಟಿದೆವು. ಆಗ ಯಾರ ಮೇಲೆ ಸಿಟ್ಟಾಗಬೇಕು ಅಂತ ಗೊತ್ತಿತ್ತು. ಈಗ ಯಾರೂ ಬೈಯುವುದಿಲ್ಲ, ಬಾಗಿಲು ಒದೆಯುವುದಿಲ್ಲ. ಬಿಷ್ಕೆಕ್‌ನಿಂದ ಮೀರ್ಗುಲ್ ಎಂಬ ಹೆಂಗಸನ್ನು ಸಮನ್ವಯಕ್ಕೆ ಅಂತ ಕಳಿಸಿದ್ದಾರೆ. ಒಳ್ಳೆಯ ಹುಡುಗಿ, ನನಗೆ ಕನ್ನಡಕದ ಪೆಟ್ಟಿಗೆ ಉಡುಗೊರೆ ಕೊಟ್ಟಿದ್ದಾಳೆ. ಪ್ರತಿ ಮಂಗಳವಾರ ಸುದ್ದಿಯ ಪುಟಗಳನ್ನು ಓದಿ ನಗುನಗುತ್ತ, ‘ಇದನ್ನ ಮುಂದಿನ ವಾರ ನೋಡೋಣ್ವಾ?’ ಅನ್ನುತ್ತಾಳೆ. ಆ ಮುಂದಿನ ವಾರ ಎರಡು ವರ್ಷದಿಂದ ಬಂದಿಲ್ಲ.

ಕಾಷ್ಕಾ-ಸೂ ತೊರೆಯ ಕೆಳಗೆ ಕುರಿ ಮೇಯಿಸುವ ಸಮುದಿನ್ ನಿನಗೆ ನೆನಪಿರಬೇಕು, ನಿನ್ನ ಜೊತೆ ಏಳನೆಯ ತರಗತಿಯವರೆಗೆ ಓದಿದವನು, ಎಡಗಿವಿ ಚಳಿಗೆ ಕಪ್ಪಾಗಿ ಉದುರಿತ್ತಲ್ಲ, ಅವನೇ. ಏಪ್ರಿಲ್ ಒಂಬತ್ತರ ಬೆಳಿಗ್ಗೆ ಅವನ ಕುರಿಗಳು ತೊರೆಯ ನೀರು ಕುಡಿದವು. ಮಧ್ಯಾಹ್ನದ ಹೊತ್ತಿಗೆ ದಂಡೆಯುದ್ದಕ್ಕೂ ಬಿದ್ದಿದ್ದವು. ಮೇಲೆ ಗಣಿಯ ಕೊಳೆನೀರು ನಿಲ್ಲಿಸುವ ಕಟ್ಟೆ ಇದೆಯಲ್ಲ, ಹಿಂದಿನ ಎರಡು ದಿನ ಅದರ ಬಳಿ ಲಾರಿಗಳು ಓಡಾಡಿದ್ದನ್ನು ಊರೆಲ್ಲ ನೋಡಿತ್ತು. ನಮ್ಮ ವರದಿಗಾರ್ತಿ ಕಲಿಮಾ, ಮೂವತ್ತು ತುಂಬಿರದ ಹೆಂಗಸು, ಮೊದಲ ಸಲ ತನ್ನ ಹೆಸರಿನಲ್ಲಿ ಇಡೀ ಪುಟ ಬರೆದಳು. ಅಲ್ಲಿಗೆ ಹೋಗಿ, ಸತ್ತ ಕುರಿಗಳ ಕಿವಿಯ ಗುರುತು ಎಣಿಸಿ, ಗಣಿಯವರನ್ನೂ ಕೇಳಿ, ಅವರು ಉತ್ತರ ಕೊಡಲಿಲ್ಲ ಎಂದೂ ಸೇರಿಸಿ. ನಾನು ಅದರಲ್ಲಿ ಎರಡು ಅಲ್ಪವಿರಾಮ ಬಿಟ್ಟು ಬೇರೇನೂ ತಿದ್ದಲಿಲ್ಲ. ಅಂಥ ಬರಹ ನೀನು ಬಿಟ್ಟ ಮೇಲೆ ನನ್ನ ಮೇಜಿಗೆ ಬಂದಿರಲಿಲ್ಲ.

ಮೀರ್ಗುಲ್ ಓದಿ ಹೀಗಂದಳು: ‘ಕುರಿ ಯಾಕೆ ಸತ್ವು ಅಂತ ಇನ್ನೂ ಯಾರೂ ಪರೀಕ್ಷೆ ಮಾಡಿಲ್ವಲ್ಲ ಕಲಿಮಾ.’ ಕಲಿಮಾ, ‘ಅದಕ್ಕೇ ಪರೀಕ್ಷೆ ಮಾಡ್ಲಿ ಅಂತ ಬರ್ದಿದೀನಿ’ ಅಂದಳು. ‘ಮುಂದಿನ ವಾರ ನೋಡೋಣ.’ ಆ ವಾರ ಆ ಪುಟದಲ್ಲಿ ಗಣಿಯವರು ಶಿಶುವಿಹಾರಕ್ಕೆ ಕಟ್ಟಿಸಿಕೊಟ್ಟ ಜಾರುಬಂಡೆಯ ಚಿತ್ರ ಬಂತು. ಚಿತ್ರದ ಕೆಳಗಿನ ಸಾಲಿನಲ್ಲಿ ಕಾಗುಣಿತ ಸರಿ ಇದೆಯೇ ಎಂದು ನೋಡಿ ಸಹಿ ಹಾಕಿದವಳು ನಾನು. ಅದನ್ನು ಬರೆಯುವಾಗಲೂ ನಾಚಿಕೆ ಆಗುತ್ತಿದೆ. ಆ ಶಿಶುವಿಹಾರದ ಅಡುಗೆಗೆ ನೀರು ಬರುವುದು ಕಾಷ್ಕಾ-ಸೂ ತೊರೆಯಿಂದಲೇ, ತೆಮಿಶ್. ನನಗೆ ಅದು ಗೊತ್ತಿತ್ತು. ಪಕ್ಕದ ಮನೆಯವರಿಗೆ ಹೇಳಿದೆ, ಅವರು, ‘ಪೇಪರ್‌ನಲ್ಲಿ ಏನೂ ಬಂದಿಲ್ವಲ್ಲಕ್ಕ’ ಅಂದರು. ನೀನು ಊರಿಗೆ ಕಲಿಸಿದ ಅಭ್ಯಾಸ ಅದು. ನಮ್ಮಲ್ಲಿ ಬಂದರೆ ನಿಜ, ಬರದಿದ್ದರೆ ಗಾಳಿಮಾತು.

ಮೇ ಐದಕ್ಕೆ ಸಮುದಿನ್ ಕಚೇರಿಗೆ ಬಂದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಕಲಿಮಾ ಅವನ ಮುಖ ನೋಡಲಾರದೆ ಒಳಗೆ ಹೋದಳು. ಅವನು ನನ್ನ ಮೇಜಿಗೆ ಬಂದು, ‘ಜೂರಾಕನಕ್ಕ, ಸಂತಾಪ ಹಾಕಿಸ್ಬೇಕಿತ್ತು’ ಅಂದ. ನಿನ್ನ ಕಾಲದಿಂದಲೂ ಕೊನೆಯ ಪುಟ ಸಂತಾಪದ್ದೇ ಅಲ್ಲವೇ, ಯಾರು ತೀರಿಕೊಂಡರೂ ನೆಂಟರು, ಸಹಪಾಠಿಗಳು ಸಾಲುಸಾಲಾಗಿ ಹಾಕಿಸುತ್ತಾರೆ. ನಾನು ಹೆದರಿ ಯಾರು ಹೋದರು ಎಂದು ಕೇಳಿದೆ. ‘ಕುರಿಗಳು’ ಅಂದ. ನಗಲಿಲ್ಲ. ‘ಮನುಷ್ಯರು ಸತ್ರೆ ಹಾಕ್ತೀರಿ. ಇವೂ ನನ್ನ ಮನೆಯವೇ. ಮಗಳ ಮದುವೆಗೆ, ಮುದುಕಿಯ ಔಷಧಕ್ಕೆ, ಎಲ್ಲಕ್ಕೂ ಇವೇ ಇದ್ವು. ಅವು ಹೋದ್ವು ಅಂತ ಒಂದು ಸಾಲು ಬೇಡ್ವಾ?’

ಸಂತಾಪದ ಪುಟವನ್ನು ಮೀರ್ಗುಲ್ ಓದುವುದಿಲ್ಲ. ಸಾವಿನ ಪುಟ ಮುಟ್ಟಿದರೆ ಅಪಶಕುನ ಎಂದು ಅವಳಿಗೆ ಅವಳ ಅಜ್ಜಿ ಹೇಳಿದ್ದಾಳಂತೆ. ಅದನ್ನು ನಾನೊಬ್ಬಳೇ ನೋಡಿ ಅಚ್ಚಿಗೆ ಕಳಿಸುತ್ತೇನೆ. ಇದು ನನ್ನ ತಲೆಗೆ ಆಗಲೇ ಹೊಳೆಯಿತು ಅಂತ ಸುಳ್ಳು ಹೇಳುವುದಿಲ್ಲ. ಮೊದಲು ಅವನಿಗೆ, ‘ಆಗಲ್ಲ ಸಮುದಿನ್, ನಿಯಮ ಇಲ್ಲ’ ಅಂದೆ. ಅವನು ವಾದ ಮಾಡದೆ ಟೋಪಿ ಹಾಕಿಕೊಂಡ. ಮೆಟ್ಟಿಲು ಇಳಿಯುವ ಸದ್ದು ಕೇಳಿಸುತ್ತಿತ್ತು. ನಾಲ್ಕನೆಯ ಮೆಟ್ಟಿಲಿಗೆ ನಾನೇ ಎದ್ದು ಹೋಗಿ ಕೂಗಿ ಕರೆದೆ. ಅವನು ಹೇಳಿದ, ನಾನು ಬರೆದೆ. ಅಕ್ಷರಶಃ ಹೀಗಿತ್ತು: ‘ಕಾಷ್ಕಾ-ಸೂ ದಂಡೆಯ ಸಮುದಿನ್ ಮತ್ತು ಕುಟುಂಬದವರಿಗೆ, ಏಪ್ರಿಲ್ ಒಂಬತ್ತರಂದು ತೊರೆಯ ನೀರು ಕುಡಿದು ತೀರಿಕೊಂಡ ಅರವತ್ತೊಂದು ಕುರಿ, ಎರಡು ಹಸು ಮತ್ತು ಗಬ್ಬದ ಕುದುರೆಗಾಗಿ ನೆರೆಹೊರೆಯವರ ಸಂತಾಪ. ಬದುಕಿರುವವರು ಆ ನೀರು ಮುಟ್ಟಬೇಡಿ.’ ಕೊನೆಯ ಸಾಲು ಅವನದಲ್ಲ, ನನ್ನದು.

ಗುರುವಾರ ಪತ್ರಿಕೆ ಹೊರಬಂತು. ಸಂತಾಪದ ಪುಟವನ್ನು ನಮ್ಮ ಊರು ಮೊದಲು ಓದುತ್ತದೆ, ನಿನಗೇ ಗೊತ್ತು. ಹತ್ತು ಗಂಟೆಗೆ ಬಜಾರಿನಲ್ಲಿ ಮಾಂಸ ಮಾರುವವರು ಜೋರಾಗಿ ಓದುತ್ತಿದ್ದರು. ಮೊದಲು ನಗು. ಗಂಡಸರು ಒಬ್ಬರಿಗೊಬ್ಬರು, ‘ನಿಮ್ಮ ಮನೆ ಟಗರು ಚೆನ್ನಾಗಿದೆಯೇನಪ್ಪ, ಮುಂಚಿತವಾಗಿ ಸಂತಾಪ ಹೇಳಿಬಿಡ್ಲಾ’ ಅಂತ ಛೇಡಿಸಿದರು. ಆಮೇಲೆ ಯಾರೋ ಕೊನೆಯ ಸಾಲನ್ನು ಎರಡನೆಯ ಸಲ ಓದಿದರು. ಹನ್ನೊಂದಕ್ಕೆ ಶಿಶುವಿಹಾರದ ಅಡುಗೆಯವಳು ಕುದಿಯುತ್ತಿದ್ದ ಸಾರಿನ ಪಾತ್ರೆ ಹೊತ್ತು ತಂದು ಬೀದಿಯ ಮೋರಿಗೆ ಸುರಿದಳು. ನಾನು ಕಿಟಕಿಯಿಂದ ನೋಡಿದೆ. ಅವಳ ಹಿಂದೆ ಮಕ್ಕಳು ಸಾಲಾಗಿ ನಿಂತು ಹಬೆ ನೋಡುತ್ತಿದ್ದವು. ಸಂಜೆಯೊಳಗೆ ಕೆಳಬೀದಿಯ ಹೆಂಗಸರೆಲ್ಲ ಬಕೆಟ್ಟು ಹಿಡಿದು ಮಸೀದಿಯ ಬಾವಿಯ ಮುಂದೆ ಸಾಲುಗಟ್ಟಿದರು. ಶನಿವಾರ ಪ್ರಾಂತ್ಯದಿಂದ ಆರೋಗ್ಯ ಇಲಾಖೆಯವರು ಬಂದು ಸೀಸೆಗಳಲ್ಲಿ ನೀರು ತುಂಬಿಕೊಂಡು ಹೋದರು. ಫಲಿತಾಂಶ ಏನೆಂದು ಯಾರೂ ಹೇಳಿಲ್ಲ. ಆದರೆ ಭಾನುವಾರದಿಂದ ಗಣಿಯವರ ಟ್ಯಾಂಕರು ದಿನಾ ಎರಡು ಸಲ ಕುಡಿಯುವ ನೀರು ತರುತ್ತಿದೆ, ‘ಊರಿಗೆ ನಮ್ಮ ಕಾಣಿಕೆ’ ಎಂದು ಅದರ ಮೇಲೆ ಬರೆಸಿದ್ದಾರೆ. ನೀರು ಚೆನ್ನಾಗಿದ್ದರೆ ಕಾಣಿಕೆ ಯಾಕೆ ಎಂದು ಊರಿನಲ್ಲಿ ಕುರುಡರೂ ಕೇಳುತ್ತಿದ್ದಾರೆ.

ಸೋಮವಾರ ಮೀರ್ಗುಲ್ ನನ್ನನ್ನು ಕರೆದು ಬಾಗಿಲು ಹಾಕಿದಳು. ಅತ್ತಿದ್ದಳು, ಕಣ್ಣು ಊದಿತ್ತು. ಬಿಷ್ಕೆಕ್‌ನಲ್ಲಿ ಅವಳನ್ನು ಯಾರೋ ಹಿಡಿದು ಜಾಡಿಸಿದ್ದಾರೆ. ‘ಅಕ್ಕ, ವಯಸ್ಸಾಗಿತ್ತು, ಕಣ್ತಪ್ಪಿ ಹೋಯ್ತು ಅಂತ ಎರಡು ಸಾಲು ಬರ್ದ್ಕೊಡಿ. ಪಿಂಚಣಿ, ಬೀಳ್ಕೊಡುಗೆ, ಎಲ್ಲ ಮರ್ಯಾದೆಯಿಂದ ಮಾಡಿಸ್ತೀನಿ.’ ನನ್ನ ಕಣ್ಣು ಚೆನ್ನಾಗಿಯೇ ಇದೆ ಅಂದೆ. ‘ಹಾಗಾದ್ರೆ ಬೇಕಂತಲೇ ಹಾಕಿದ್ರಾ?’ ಹೌದು ಅಂದೆ. ಆಗ ಅವಳು ಹೇಳಿದ್ದು ನನ್ನನ್ನು ಇನ್ನೂ ಬಿಡುತ್ತಿಲ್ಲ. ‘ನನ್ನ ಅಮ್ಮನ ಮನೆಯಲ್ಲೂ ತೊರೆಯ ನೀರೇ ಕುಡಿಯೋದು ಅಕ್ಕ. ನನಗೇನು ಗೊತ್ತಾಗಲ್ವಾ?’ ಅಷ್ಟು ಹೇಳಿ ಮೂಗು ಒರೆಸಿಕೊಂಡು, ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯಿತು ಎಂಬ ಪತ್ರ ಕೈಗಿತ್ತಳು. ಅಲ್ಲಿಯವರೆಗೆ ಬರಬೇಕು, ಯಾಕೆಂದರೆ ನಮ್ಮ ಕಿರ್ಗಿಜ್ ಕಾಗುಣಿತ ಸರಿಯಾಗಿ ಬಲ್ಲವರು ಕಚೇರಿಯಲ್ಲಿ ಬೇರೆ ಇಲ್ಲ.

ಕಲಿಮಾ ರಾಜೀನಾಮೆ ಕೊಡುತ್ತೇನೆ ಎಂದು ಎರಡು ಸಲ ಬರೆದು ಎರಡು ಸಲ ಚೀಲದೊಳಗೆ ಇಟ್ಟುಕೊಂಡಳು. ಅವಳ ಗಂಡ ಗಣಿಯಲ್ಲಿ ಯಂತ್ರ ಓಡಿಸುತ್ತಾನೆ. ಕೊಡು ಎನ್ನಲು ನನಗೇನು ಹಕ್ಕು, ಬೇಡ ಎನ್ನಲು ಬಾಯಿ ಬರಲಿಲ್ಲ. ಮನೆಗೆ ಹೋಗುವಾಗ ನನ್ನ ತೋಳು ಹಿಡಿದು, ‘ಅಕ್ಕ, ತೆಮಿರ್ಕುಲ್ ಸರ್ ಇದ್ದಿದ್ರೆ ಏನ್ ಮಾಡ್ತಿದ್ರು?’ ಎಂದು ಕೇಳಿದಳು. ಅವನಿದ್ದಿದ್ದರೆ ಮೊದಲ ಪುಟದಲ್ಲಿ ಹಾಕುತ್ತಿದ್ದ ಅಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ.

ಮತ್ತೆ ಸಣ್ಣಪುಟ್ಟ ಸುದ್ದಿ. ನಿನ್ನ ಮನೆಯ ಹಿಂದಿನ ಏಪ್ರಿಕಾಟ್ ಗಿಡ ಈ ಸಲ ಹಿಮಕ್ಕೆ ಹೂ ಕಳೆದುಕೊಂಡಿತು, ಹಣ್ಣು ಸಿಗುವುದಿಲ್ಲ. ಸಮುದಿನ್ ಉಳಿದ ಹನ್ನೊಂದು ಕುರಿ ಹೊಡೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಬೇಗ ಹೊರಟ, ಹೋಗುವ ಮೊದಲು ನನ್ನ ಬಾಗಿಲಲ್ಲಿ ಒಂದು ಕುಡಿಕೆ ಬೆಣ್ಣೆ ಇಟ್ಟು ಹೋಗಿದ್ದಾನೆ, ಕರೆದು ಕೊಡಲೂ ಇಲ್ಲ. ನನ್ನ ಮಂಡಿ ಹಾಗೇ ಇದೆ. ಜಿಪಾರ್‌ಗೆ, ಅಳಿಯ ಸಾಕೆನ್‌ಗೆ ನನ್ನ ನೆನಪು ಹೇಳು. ಮೊಮ್ಮಗಳ ಹಣೆಗೆ ನನ್ನ ಪರವಾಗಿ ಮುತ್ತು ಕೊಡು. ನಿನ್ನ ಕಾಲಿಗೆ ನೆಲದ ಬಲ ಬರಲಿ, ಕೈಗೆ ಬಟ್ಟಲಿನ ಭಾರ ತಿಳಿಯದಿರಲಿ, ನಾಲಿಗೆ ಮೊದಲಿನಷ್ಟೇ ಚುರುಕಾಗಲಿ ಎಂದು ದಿನವೂ ಕೈಯೊಡ್ಡಿ ಬೇಡುತ್ತೇನೆ.

ನಿನ್ನ ಅಕ್ಕ,
ಜೂರಾಕನ್

ಮರೆತು ಬಿಟ್ಟದ್ದು: ಮುಕಾಷ್ ಹೊರಗೆ ಹಾರನ್ನು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಮುಂದಿನ ವಾರದ ಮೊದಲ ಪುಟ ತಿದ್ದಲು ನನ್ನ ಮೇಜಿಗೆ ಬಂತು. ಅದರಲ್ಲಿ ‘ಪತ್ರಿಕೆಯ ಸ್ಥಾಪಕರಿಂದ ಓದುಗರಿಗೆ’ ಎಂದು ನಿನ್ನ ಹೆಸರಿನ ಪತ್ರ ಇದೆ. ಸಂತಾಪದ ಪುಟದಲ್ಲಿ ಬಂದದ್ದು ವದಂತಿ, ಮರೆವು ಬಂದ ಮುದುಕಿಯೊಬ್ಬಳ ಕೆಲಸ, ಗಣಿಯವರ ಕ್ಷಮೆ ಕೇಳುತ್ತೇನೆ ಎಂದಿದೆ. ಓದಿ ನನಗೆ ನಗು ಬಂತು. ಬಿಷ್ಕೆಕ್‌ನಲ್ಲಿ ಕೂತು ಯಾರೋ ನಿನ್ನ ಹೆಸರಿನಲ್ಲಿ ಬರೆದಿದ್ದಾರೆ, ಅಷ್ಟೇ ಎಂದುಕೊಂಡೆ. ಆಮೇಲೆ ಮೂರನೆಯ ಸಾಲು ನೋಡಿದೆ. ಬೆಟ್ಟಕ್ಕೆ ನಮ್ಮ ಕಿರ್ಗಿಜ್‌ನಲ್ಲಿರುವ ‘ತೋ’ ಪದವನ್ನು ದೀರ್ಘ ಎಳೆಯದೆ ‘ತೊ’ ಎಂದು ಬರೆದಿದೆ. ಶಾಲೆಯ ದಿನದಿಂದ ಹಾಗೆ ಬರೆಯುವವನು ಈ ಭೂಮಿಯ ಮೇಲೆ ನೀನೊಬ್ಬನೇ. ಸಾಕೆನ್‌ನ ಕೆಲಸ ಗಣಿಯವರ ಅಲ್ಮಾತಿ ಕಚೇರಿಯಲ್ಲಿ, ನೀನಿರುವುದು ಸಾಕೆನ್‌ನ ಮನೆಯಲ್ಲಿ, ಅದು ನನಗೆ ಅರ್ಥವಾಗುತ್ತದೆ. ಯಾಕೆ ಎಂದು ಕೇಳುವುದಿಲ್ಲ. ಪುಟ ಬುಧವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಮೀರ್ಗುಲ್‌ಗೆ ಒಂದು ಫೋನು ಮಾಡಿ, ‘ಆ ಪತ್ರದಿಂದ ನನ್ನ ಹೆಸರು ತೆಗೆ’ ಎಂದರೆ ಸಾಕು, ಅವಳು ತೆಗೆಯುತ್ತಾಳೆ. ನನಗೆ ಮಾಡಬೇಡ. ಆ ದೀರ್ಘವನ್ನು ನಾನು ಹಾಕಿಲ್ಲ. ಅಚ್ಚಾದರೆ, ಮೂವತ್ತೊಂದು ವರ್ಷದಲ್ಲಿ ನಾನು ತಿದ್ದದೆ ಬಿಟ್ಟ ನಿನ್ನ ಮೊದಲ ತಪ್ಪು ಅದೇ ಆಗುತ್ತದೆ.